ಮಳೆ ಪುಸ್ತಕಕ್ಕೂ ಒಂದು ಕುರ್ಚಿ ಹಾಕಿಸಿ: ಕೊಡಗಿನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ,

ವಂದನೆಗಳು.

ಈ ವರ್ಷ, 2025ರಲ್ಲಿ, ಮುಂಗಾರಿಗೆ ಅವಸರವೋ ಅವಸರ. ಮೇ 24ಕ್ಕೇ ಕೇರಳಕ್ಕೆ ಬಂತು, ಅಲ್ಲಿಂದ ನಮ್ಮ ಘಟ್ಟ ಹತ್ತಲು ಎಷ್ಟು ಹೊತ್ತು? ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಅರ್ಧಕ್ಕೆ ನಿಂತಿದೆ, ಗೊಬ್ಬರದ ಮೂಟೆ ಶೆಡ್ಡಿನಲ್ಲೇ ಇದೆ. ಕೆಲಸ ಇಲ್ಲದೆ ಕೂತವಳು ಈ ಪತ್ರ ಬರೆಯುತ್ತಿದ್ದೇನೆ. ತಮಗೂ ಇದು ಸಭೆಗಳ ಕಾಲ. ಮಳೆಗಾಲದ ಮುನ್ನೆಚ್ಚರಿಕೆ ಸಭೆ, ಪರಿಶೀಲನಾ ಸಭೆ, ಅದರ ಮೇಲೊಂದು ಸಮನ್ವಯ ಸಭೆ. ಅಂಥ ಸಭೆಗಳಲ್ಲಿ ಕೂರದವರ ಪರವಾಗಿ ಒಂದಷ್ಟು ಹೇಳುವುದಿದೆ.

ಮೊದಲು ಒಂದು ಪುಸ್ತಕದ ವಿಷಯ. ನನ್ನ ತವರು ಮಕ್ಕಂದೂರು ಕಡೆ, ಕೊಟ್ಟ ಮನೆ ಸಿದ್ದಾಪುರದ ಹತ್ತಿರ, ಹೊಳೆ ಬದಿಯಲ್ಲಿ. ತವರಿನಲ್ಲಿ ಅಪ್ಪ ಕಾಫಿ ಕಣದ ಮೂಲೆಗೆ ಒಂದು ರೈನ್ ಗೇಜು ನೆಟ್ಟಿದ್ದರು. ತಗಡಿನದು. ಮೇಲೆ ಆಲಿಕೆ, ಒಳಗೊಂದು ಬಾಟಲಿ, ಅಳೆಯಲು ಗೆರೆ ಹಾಕಿದ ಗಾಜಿನ ಲೋಟ. ಬೆಳಿಗ್ಗೆ 8 ಗಂಟೆಗೆ ಸರಿಯಾಗಿ, ಕೊಡೆ ಹಿಡಿದುಕೊಂಡಾದರೂ ಹೋಗಿ ಅಳೆದು ಬರೆಯುವುದು. ಜ್ವರ ಬಂದರೆ ನಮ್ಮನ್ನು ಕಳಿಸುತ್ತಿದ್ದರು, ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದೇ ನೋಡಬೇಕು ಎಂದು ನೂರು ಸಲ ಹೇಳಿ. ಇಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಯಾರೂ ಹೇಳುವುದಿಲ್ಲ ಎಂಬುದು ತಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. "ನಿಮ್ಮಲ್ಲಿ ಎಷ್ಟು?" ಎಂದರೆ "3 ಇಂಚು 40 ಸೆಂಟು" ಎನ್ನುತ್ತೇವೆ. ಇಂಚನ್ನು 100 ಪಾಲು ಮಾಡಿದರೆ ಒಂದು ಸೆಂಟು. ಜಾಗವನ್ನೂ ಸೆಂಟಿನಲ್ಲೇ ಅಳೆಯುವ ಊರು ಇದು. ಆ ಸೆಂಟಿನ ಮಾತು ಆಮೇಲೆ.

ಪುಸ್ತಕ ಎಂದರೆ ಶಾಲೆಯ ನೋಟ್‌ಬುಕ್ಕು. ಅಂಕಿಯ ಪಕ್ಕದಲ್ಲಿ ಅಪ್ಪ ಒಂದೊಂದು ಮಾತು ಬರೆಯುತ್ತಿದ್ದರು: "ಹೂಮಳೆ, ಸಾಕಾಯಿತು." "ಹೊಳೆ ಕೆಂಪು." "ಆನೆ ಬಂದಿತ್ತು, ಹಲಸು ಪೂರಾ ಹೋಯಿತು." ಅಪ್ಪ ಹೋದ ಮೇಲೆ ಅಣ್ಣ ಬರೆಯುತ್ತಾ ಬಂದ. 2018ರ ಆಗಸ್ಟ್ 16ರ ಎದುರಿಗೆ ಅಂಕಿಯೇ ಇಲ್ಲ. "ಬಾಟಲಿ ತುಂಬಿ ಚೆಲ್ಲಿದೆ" ಎಂದಷ್ಟೇ ಇದೆ. 17ರ ಸಾಲು ಖಾಲಿ.

ಅದಕ್ಕೂ ಎರಡು ದಿನ ಮುಂಚೆ ಗದ್ದೆಯ ಮೇಲುಗಡೆ, ಯಾವತ್ತೂ ನೀರು ಕಾಣದ ಜಾಗದಲ್ಲಿ, ಒರತೆ ಎದ್ದಿತ್ತು. ಮೊದಲು ತಿಳಿ ನೀರು, ಆಮೇಲೆ ಕೆಮ್ಮಣ್ಣಿನ ಬಣ್ಣ. ಅಣ್ಣ ಅದನ್ನು ಕಂಡಿರಲಿಲ್ಲ. ಕಂಡದ್ದು ಕೆಲಸಕ್ಕೆ ಬರುತ್ತಿದ್ದ ಎರವ ಬುಡಕಟ್ಟಿನ ಮುದುಕರೊಬ್ಬರು. "ಈ ನೀರು ಸರಿ ಇಲ್ಲ, ಬರೆ ನಿಲ್ಲೋದಿಲ್ಲ" ಎಂದರಂತೆ. ಬರೆ ಎಂದರೆ ಗುಡ್ಡದ ಇಳಿಜಾರು. ಅಣ್ಣ ಒಂದು ಕಚೇರಿಗೆ ಫೋನು ಮಾಡಿದ. ಯಾವ ಕಚೇರಿ ಎಂದು ಹೇಳುವುದಿಲ್ಲ, ಈಗ ಅಲ್ಲಿರುವವರು ಬೇರೆ. "ಯಾರು ಮಾತಾಡೋದು? ಯಾವ ಇಲಾಖೆಯಿಂದ?" ಎಂದು ಕೇಳಿದರು. ಇಲಾಖೆಯಿಂದ ಅಲ್ಲ, ಮನೆಯಿಂದ ಎಂದ. ಫೋನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ ಕೊನೆಗೆ ಕಟ್ಟಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗದ್ದೆಯಲ್ಲಿ ಎದ್ದ ಕೆಂಪು ನೀರನ್ನು ಬರೆದುಕೊಳ್ಳಲು ಅವರ ಮುಂದಿನ ಕಾಗದದಲ್ಲಿ ಕಾಲಂ ಇರಲಿಲ್ಲ, ಅಷ್ಟೆ. ಅಣ್ಣನ ಮನೆಯವರು ಮುದುಕರ ಮಾತು ನಂಬಿ ಮಡಿಕೇರಿಯ ನೆಂಟರ ಮನೆಗೆ ಹೊರಟರು. ಜಾಗದ ದಾಖಲೆಗಳ ಜೊತೆ ಮಳೆ ಪುಸ್ತಕಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಹೋದದ್ದಕ್ಕೆ ಅವು ಉಳಿದಿವೆ. ಗದ್ದೆ ಉಳಿದಿಲ್ಲ.

ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಜೋಡುಪಾಲ. ಆ ವರ್ಷ ಗುಡ್ಡ ಕುಸಿದ ಈ ಊರುಗಳ ಹೆಸರುಗಳು ತಮ್ಮ ಕಚೇರಿಯ ಕಡತಗಳಲ್ಲಿ ಎಷ್ಟು ಸಲ ಬಂದಿವೆಯೋ. ಮರುವರ್ಷ ತೋರ, ಕೋರಂಗಾಲ. ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ. ಪ್ರತಿ ಸಲವೂ ವಿಜ್ಞಾನಿಗಳು ಬಂದರು, ಬೇಕಾಬಿಟ್ಟಿ ಬರೆ ಕಡಿದದ್ದನ್ನೂ ನೀರಿನ ದಾರಿ ಮುಚ್ಚಿದ್ದನ್ನೂ ತೋರಿಸಿದರು. ಸರಿಯೇ. ಆದರೆ ಕಡಿದ ಬರೆಯ ಕೆಳಗೆ ವಾಸ ಇದ್ದವರು ಅದನ್ನು ಮೊದಲೇ ಹೇಳಿದ್ದರೇ ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಪಕ್ಕದ ವಯನಾಡಿನದು ಇದಕ್ಕಿಂತ ನೋವಿನ ಕಥೆ. ಕಲ್ಪೆಟ್ಟದಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಇದೆ. ರೈತರು, ತೋಟದವರು, ಊರವರನ್ನು ಸೇರಿಸಿಕೊಂಡು ಜಿಲ್ಲೆಯ 200ಕ್ಕೂ ಹೆಚ್ಚು ಕಡೆ ಮಳೆ ಅಳೆಸುತ್ತದೆ. 2024ರ ಜುಲೈ 29ರ ಬೆಳಿಗ್ಗೆಯೇ ಆ ಲೆಕ್ಕ ನೋಡಿ, ಮುಂಡಕೈ ಕಡೆ ಅಪಾಯ ಇದೆ ಎಂದು ಅವರು ಜಿಲ್ಲಾಡಳಿತಕ್ಕೆ ತಿಳಿಸಿದ್ದರು. ಆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಗುಡ್ಡ ಬಂತು. ಸತ್ತವರಲ್ಲಿ ಎಸ್ಟೇಟಿನ ಪಾಡಿಗಳಲ್ಲಿ ಮಲಗಿದ್ದ ಕೂಲಿಯವರೂ ಇದ್ದರು. ಅಳತೆ ಇತ್ತು, ಅಳೆದವರು ಹೇಳಿಯೂ ಇದ್ದರು. ಅವರು ಹೇಳಿದ ಕೂಡಲೇ ಜನರನ್ನು ಎಬ್ಬಿಸಲೇಬೇಕು ಎಂಬ ಏರ್ಪಾಡು ಇರಲಿಲ್ಲ.

ನಮ್ಮಲ್ಲಿ ಗ್ರಾಮ ಪಂಚಾಯಿತಿಗೊಂದು ಯಂತ್ರದ ಮಳೆಮಾಪಕ ಇದೆ, ಬೆಂಗಳೂರಿಗೆ ತಾನಾಗಿ ಲೆಕ್ಕ ಕಳಿಸುತ್ತದೆ. ಒಳ್ಳೆಯದೇ. ಆದರೆ ಈ ಬೆಟ್ಟಗಳಲ್ಲಿ ಒಂದು ಕೊಲ್ಲಿಯಲ್ಲಿ, ಅಂದರೆ ಕಣಿವೆಯಲ್ಲಿ, 6 ಇಂಚು ಬಿದ್ದ ದಿನ ಆಚೆ ಬದಿಯಲ್ಲಿ 2 ಇಂಚು ಬೀಳುತ್ತದೆ. ಇಲ್ಲಿನ ತೋಟಗಳಲ್ಲಿ ಅಜ್ಜಂದಿರ ಕಾಲದ ಮಳೆ ಪುಸ್ತಕಗಳು ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿವೆ. ಅಷ್ಟು ಒತ್ತಾದ ಮಳೆಯ ಲೆಕ್ಕ ಎಷ್ಟು ಜಿಲ್ಲೆಗಳಿಗಿದೆ? ಅದನ್ನು ಯಾರೂ ನಮ್ಮಿಂದ ಕೇಳಿಲ್ಲ. ನಾವೂ ಕೊಡಲು ಹೋಗಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ನಮ್ಮ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರ ತೋಟದಲ್ಲಿ ಹೆಚ್ಚು ಎಂದು ಜಂಬ ಕೊಚ್ಚುವುದಕ್ಕೇ ಸರಿಹೋಯಿತು.

ಈಗ ಕುರ್ಚಿಯ ವಿಷಯ. 2005ರ ವಿಪತ್ತು ನಿರ್ವಹಣಾ ಕಾಯಿದೆಯಲ್ಲಿ ಜಿಲ್ಲಾ ಪ್ರಾಧಿಕಾರ ಎಂದರೆ ಅಧ್ಯಕ್ಷರು ಮತ್ತು ಹೆಚ್ಚೆಂದರೆ ಇನ್ನು 7 ಜನ. ತಾವು ಅಧ್ಯಕ್ಷರು. ಉಳಿದಂತೆ ಎಸ್‌ಪಿ, ಜಿಲ್ಲಾ ವೈದ್ಯಾಧಿಕಾರಿ, ಇತರ ಅಧಿಕಾರಿಗಳು. ಅಷ್ಟರಲ್ಲಿ ಜನ ಆರಿಸಿದ ಒಬ್ಬರಿಗೆ ಮಾತ್ರ ಜಾಗ: ಸಹ ಅಧ್ಯಕ್ಷರಾಗಿ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು. ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಚುನಾವಣೆಯೇ ನಡೆದಿಲ್ಲ. ಅಂದರೆ ಜಿಲ್ಲೆಯ ವಿಪತ್ತನ್ನು ಕುರಿತು ತೀರ್ಮಾನ ಮಾಡುವ ಮೇಜಿನಲ್ಲಿ ಜಿಲ್ಲೆಯವರಿಗೆಂದು ಇದ್ದ ಒಂದೇ ಕುರ್ಚಿ ನಾಲ್ಕು ವರ್ಷದಿಂದ ಖಾಲಿ. ಇದು ತಮ್ಮ ತಪ್ಪಲ್ಲ, ಚುನಾವಣೆ ಮಾಡಿಸುವುದು ತಮ್ಮ ಕೈಯಲ್ಲೂ ಇಲ್ಲ. ಆದರೆ ಅದೇ ಕಾಯಿದೆಯ 28ನೇ ಸೆಕ್ಷನ್ನು, ಬೇಕೆನಿಸಿದಾಗ ಸಲಹಾ ಸಮಿತಿ ರಚಿಸುವ ಅಧಿಕಾರವನ್ನು ಜಿಲ್ಲಾ ಪ್ರಾಧಿಕಾರಕ್ಕೆ ಕೊಟ್ಟಿದೆ. ಅದಕ್ಕೆ ಬೆಂಗಳೂರಿನ ಅಪ್ಪಣೆಗೆ ಕಾಯಬೇಕಿಲ್ಲ. ನನ್ನ ಮುಖ್ಯ ಬೇಡಿಕೆ ಅದೇ. ಆ ಸಮಿತಿಯಲ್ಲಿ ಯಾರು ಕೂರಬೇಕು ಎಂಬುದಕ್ಕೆ ಉಳಿದ ಪತ್ರ.

"ಸಮುದಾಯ ಸಹಭಾಗಿತ್ವ" ಎಂಬ ಪದ ಈಗ ಎಲ್ಲ ಬ್ಯಾನರುಗಳಲ್ಲೂ ಇರುತ್ತದೆ. ಗಿಡ ನೆಡುವಾಗ ಇರುತ್ತದೆ, ಕಸ ಹೆಕ್ಕುವಾಗ ಇರುತ್ತದೆ. ಶಾಲಾ ಮಕ್ಕಳು ಗ್ಲೌಸ್ ಹಾಕಿಕೊಂಡು ಸಾಲಾಗಿ ನಿಲ್ಲುತ್ತಾರೆ, ಫೋಟೋ ಆಗುತ್ತದೆ, ಬಾಳೆಹಣ್ಣು ಬಿಸ್ಕತ್ತು ಕೊಟ್ಟು ಕಳಿಸುತ್ತಾರೆ. ನಮ್ಮ ವ್ಯವಹಾರದಲ್ಲಿ ಪಾಲುದಾರ ಎಂದರೆ ಲೆಕ್ಕ ಕೇಳುವವನು. ಫಸಲು ಎಷ್ಟಾಯಿತು, ಎಲ್ಲಿ ಮಾರಿದೆ, ನನ್ನ ಭಾಗ ಎಷ್ಟು ಎಂದು ಕೇಳಬಹುದಾದವನು. ಕೇಳಲು ಬಾರದವನಿಗೆ ಕೂಲಿ ಎನ್ನುತ್ತೇವೆ.

ನಮ್ಮ ಕಡೆಯ ಒಂದು ಗ್ರಾಮಸಭೆ ಹೇಗೆ ನಡೆಯಿತು ಎಂದು ಹೇಳುತ್ತೇನೆ. ಮಂಗಳವಾರ, ಬೆಳಿಗ್ಗೆ 11 ಗಂಟೆ. ಕೊಯ್ಲಿನ ಕಾಲ. ಲೈನ್ ಮನೆಯವರೆಲ್ಲ (ತೋಟದ ಮಾಲೀಕರು ಕೂಲಿಯವರಿಗೆ ಕೊಡುವ ಸಾಲುಮನೆ) ತೋಟದಲ್ಲಿ. ಬಂದರೆ ಆ ದಿನದ ಸಂಬಳ ಹೋಯಿತು. ಸಭೆಯಲ್ಲಿ ಇದ್ದದ್ದು ನಾವು ಒಂದಿಪ್ಪತ್ತು ಬೆಳೆಗಾರರು, ಆಶಾ ಕಾರ್ಯಕರ್ತೆಯರು, ಇಲಾಖೆಗಳವರು. ಸಂಜೆ ಪುಸ್ತಕ ಹಿಡಿದುಕೊಂಡು ಒಬ್ಬರು ಲೈನಿಗೆ ಹೋದರು, ಹೆಬ್ಬೆಟ್ಟು, ಸಹಿ ಹಾಕಿಸಿಕೊಂಡು ಬಂದರು. ಏನಕ್ಕೆ ಸಹಿ ಎಂದು ನಮ್ಮ ಮನೆಗೆ ಬರುವ ಹೆಂಗಸನ್ನು ಕೇಳಿದೆ. "ರೇಷನ್ನಿಗಿರಬೇಕು ಅಕ್ಕ" ಎಂದಳು. ಹೊಳೆ ಬದಿಗೆ ತಡೆಗೋಡೆ ಎಲ್ಲಿ ಕಟ್ಟಬೇಕು ಎಂಬ ನಿರ್ಣಯಕ್ಕೆ ಅವಳು ಸಹಿ ಮಾಡಿದ್ದಳು. ಅವಳ ತಮ್ಮನ ಮನೆ ಹೊಳೆ ಬದಿಯಲ್ಲೇ ಇದೆ. ಗೋಡೆ ಬಂದದ್ದು ಬೇರೆ ಕಡೆ.

ಹೊಳೆ ಬದಿಯವರಿಗೆ ಬುದ್ಧಿ ಇಲ್ಲ, ಪ್ರತಿ ವರ್ಷ ಮುಳುಗಿದರೂ ಅಲ್ಲೇ ಕೂರುತ್ತಾರೆ ಎಂದು ಪೇಟೆಯಲ್ಲಿ ಮಾತಾಡುವುದನ್ನು ಕೇಳಿದ್ದೇನೆ. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಕುಂಬಾರಗುಂಡಿ, ಬೆಟ್ಟದಕಾಡು, ಬರಡಿ. ಅಲ್ಲಿ ಇರುವವರು ಯಾರು? ಮುಕ್ಕಾಲುಪಾಲು ತೋಟಗಳಲ್ಲಿ ದುಡಿದವರು, ದುಡಿಯುತ್ತಿರುವವರು. ಕೈ ನಡೆಯುವಷ್ಟು ದಿನ ಲೈನ್ ಮನೆ. ಕೈ ನಿಂತ ದಿನ ಮನೆ ಬಿಡಬೇಕು. ಪೈಸಾರಿ, ಅಂದರೆ ಸರ್ಕಾರಿ ಜಾಗ ಎಂದು ದಾಖಲೆಯಲ್ಲಿ ಇರುವುದನ್ನು ಎಷ್ಟೋ ಕಡೆ ಬೇಲಿ ಹಾಕಿ ಕಾಫಿ ನೆಟ್ಟಾಗಿದೆ. ಬೇಲಿ ಇಲ್ಲದೆ ಉಳಿದದ್ದು ಹೊಳೆಯ ದಂಡೆ ಒಂದೇ. ಅದಕ್ಕೇ ಅಲ್ಲಿ ಕೂತರು. 2019ರ ಆಗಸ್ಟಿನಲ್ಲಿ ಕಾವೇರಿ ಆ ಮನೆಗಳನ್ನು ತೊಳೆದುಕೊಂಡು ಹೋಯಿತು. ಕೆಲವರಿಗೆ ಅಭ್ಯತ್‌ಮಂಗಲದಲ್ಲಿ ಜಾಗ ಗುರುತಾಯಿತು, ಉಳಿದವರಿಗೆ ಪ್ರತಿ ಜೂನಿನಲ್ಲಿ ಒಂದು ನೋಟಿಸು, ಜುಲೈನಲ್ಲಿ ಕಾಳಜಿ ಕೇಂದ್ರ. (ಮೊದಲು ಅದನ್ನು ಗಂಜಿ ಕೇಂದ್ರ ಎನ್ನುತ್ತಿದ್ದೆವು. ಹೆಸರು ಬದಲಾದದ್ದು ಒಳ್ಳೆಯದಾಯಿತು. ಶಾಲೆಯ ಅದೇ ಕೋಣೆ, ಅದೇ ಎರಡು ಶೌಚಾಲಯ.)

ಹೊಳೆಯ ಲೆಕ್ಕ ಆ ದಂಡೆಯವರಷ್ಟು ಇನ್ನಾರಿಗೂ ಗೊತ್ತಿಲ್ಲ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿತು ಎಂದಾಗಲೇ ಇಲ್ಲಿ ಕಿವಿ ನೆಟ್ಟಗಾಗುತ್ತದೆ. ನಾಪೋಕ್ಲು ರಸ್ತೆ ಬಂದ್ ಎಂದರೆ ಪಾತ್ರೆ ಅಟ್ಟಕ್ಕೆ. ಬೇತ್ರಿ ಸೇತುವೆಯ ಕಂಬದಲ್ಲಿ ನೀರು ಎಲ್ಲಿಗೆ ಬಂತು ಎಂದು ಅಲ್ಲಿಯ ನೆಂಟರಿಗೆ ಫೋನು ಮಾಡಿ ಕೇಳಿ, ಇಲ್ಲಿ ಕೋಳಿ, ಮಕ್ಕಳು, ಮುದುಕರನ್ನು ಯಾವಾಗ ಸಾಗಿಸಬೇಕು ಎಂದು ತೀರ್ಮಾನಿಸುತ್ತಾರೆ. ನೀರಿನ ಗುರುತು ಗೋಡೆಯಲ್ಲಿದೆ, ಇದ್ದಿಲಿನಲ್ಲಿ ಗೆರೆ ಎಳೆದು ಇಸವಿ ಬರೆದಿದ್ದಾರೆ. ಅದೂ ಒಂದು ಮಳೆ ಪುಸ್ತಕವೇ. ಆದರೆ ಮೈಕು ಕಟ್ಟಿದ ಆಟೋ ಬರುವುದು ನೀರು ಅಂಗಳಕ್ಕೆ ಬಂದ ಮೇಲೆ, ಅದೂ ಕನ್ನಡದಲ್ಲಿ ಮಾತ್ರ. ಈಗ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಸಂಸಾರಗಳೇ ಎಷ್ಟಿವೆ! ಆ ಕೂಗು ಅವರಿಗೆ ಬಾಳೆಕಾಯಿ ಮಾರುವವನ ಕೂಗಿನ ಹಾಗೆ.

ಇಲ್ಲಿ ನಮ್ಮ ಬೆಳೆಗಾರರಿಗೂ ಒಂದು ಮಾತು ಹೇಳಬೇಕು, ಪತ್ರ ತಮಗೆ ಬರೆದಿದ್ದರೂ. ನಮಗೆ ಪರಿಸರದ ಮೇಲೆ ಪ್ರೀತಿ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ದೇವರಕಾಡಿನ ಒಂದು ಕಡ್ಡಿ ಮುರಿಯಲೂ ಹೆದರುವವರು ನಾವು. ಮೈಸೂರು-ಕೋಝಿಕ್ಕೋಡ್ 400 ಕೆವಿ ವಿದ್ಯುತ್ ಲೈನಿಗೆ ದಕ್ಷಿಣ ಕೊಡಗಿನಲ್ಲಿ 50,000ಕ್ಕೂ ಹೆಚ್ಚು ಮರ ಹೋದಾಗ ಬೀದಿಗೆ ಇಳಿದವರೂ ನಾವೇ. ಆದರೆ ಲೈನ್ ಮನೆಯ ಸೂರು ಸೋರುವುದನ್ನು ಪರಿಸರದ ವಿಷಯ ಎಂದು ನಮ್ಮಲ್ಲಿ ಎಷ್ಟು ಜನ ಎಣಿಸಿದ್ದೇವೆ? 2025ರ ಆರಂಭದಲ್ಲಿ ಕಾಫಿಗೆ ಹಿಂದೆಂದೂ ಇಲ್ಲದ ಬೆಲೆ ಬಂತು. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದೇವೆ, ಜೆಸಿಬಿ ತರಿಸಿ ಬರೆ ಕಡಿದು ಹೋಂಸ್ಟೇಗೆ ದಾರಿ ಮಾಡಿದ್ದೇವೆ. ಆ ಬರೆಯ ಮಣ್ಣು ಯಾರ ಸೂರಿನ ಮೇಲೆ ಬೀಳುತ್ತದೆ ಎಂದು ನೋಡಿಲ್ಲ. ನಾನೂ ನೋಡಿರಲಿಲ್ಲ. ನಮ್ಮ ಎರಡು ಲೈನ್ ಮನೆಗಳಿಗೆ ಕರೆಂಟಿನ ಮೀಟರು ಹಾಕಿಸಲು ಒಪ್ಪಿಗೆ ಪತ್ರ ಕೊಟ್ಟದ್ದು ಮೂರು ವರ್ಷದ ಹಿಂದೆ. ಅಷ್ಟು ದಿನ ಕೊಡದೆ ಇದ್ದದ್ದು ಏಕೆ ಎಂದರೆ, ಮೀಟರು ಬಂದರೆ ಮನೆ ಅವರದಾಗಿಬಿಡುತ್ತದೆ ಎಂಬ ಹೆದರಿಕೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಹೆದರಿಕೆ ನನ್ನೊಬ್ಬಳದಲ್ಲ.

2022ರಲ್ಲಿ ಭೂಕಂದಾಯ ಕಾಯಿದೆಗೆ ತಿದ್ದುಪಡಿ ಆಗಿ, ಸರ್ಕಾರಿ ಜಾಗದಲ್ಲಿ ಕಾಫಿ ಬೆಳೆದುಕೊಂಡವರಿಗೆ 25 ಎಕರೆವರೆಗೆ 30 ವರ್ಷಕ್ಕೆ ಗುತ್ತಿಗೆ ಕೊಡಬಹುದು ಎಂದಾಯಿತು. ಸಣ್ಣ ಬೆಳೆಗಾರರಿಗೆ ಅದು ಬೇಕಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ 25 ಎಕರೆ ಎಂದರೆ 2,500 ಸೆಂಟು. ನಮ್ಮ ಮನೆಗೆ ಬರುವವಳು ಕೇಳುತ್ತಿರುವುದು 3 ಸೆಂಟು, ಹೊಳೆ ಬಾರದ ಕಡೆ.

ಹಾಡಿಗಳ, ಅಂದರೆ ಬುಡಕಟ್ಟಿನವರ ಊರುಗಳ, ಮಾತು ಎತ್ತಲು ನನಗಿಂತ ಹಕ್ಕುಳ್ಳವರು ಇದ್ದಾರೆ, ಚುಟುಕಾಗಿ ಹೇಳುತ್ತೇನೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದದ್ದು 577 ಕುಟುಂಬ. ಅವರಲ್ಲಿ ಎಷ್ಟೋ ಜನ ನಮ್ಮಂಥವರ ಲೈನ್ ಮನೆಗಳಿಂದ ಹೊರಟು ಬಂದವರು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಯಲ್ಲಿ 50ಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಹಿರಿಯರು ಇದ್ದ ಜಾಗಕ್ಕೆ ವಾಪಸು ಬಂದು ಕೂತವು. 2006ರ ಅರಣ್ಯ ಹಕ್ಕು ಕಾಯಿದೆ ಅವರ ಕೈಯಲ್ಲಿದೆ. ಆ ಕಾಯಿದೆಯಲ್ಲಿ ಹಕ್ಕಿನ ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ, ಇಲಾಖೆಗೆ ಅಲ್ಲ. ಬಿಳಿಗಿರಿರಂಗನ ಬೆಟ್ಟ ಹುಲಿ ರಕ್ಷಿತಾರಣ್ಯದಲ್ಲಿ ಸೋಲಿಗರಿಗೆ 2011ರಲ್ಲೇ ಸಮುದಾಯ ಹಕ್ಕು ಸಿಕ್ಕಿತು, ಅದರಿಂದ ಹುಲಿಗಳೇನೂ ಕಾಡು ಬಿಟ್ಟು ಓಡಲಿಲ್ಲ. ಅದೇ ರಾಜ್ಯ, ಅದೇ ಕಾನೂನು. ಇಲ್ಲಿ ಏಕೆ ಇಷ್ಟು ಕಷ್ಟ?

ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ ಆಗುತ್ತದೆ, ತಾವು ನೋಡಿರಬಹುದು. ಸೀರೆ ಉಟ್ಟ ಗಂಡಸರು, ಡಬ್ಬ ಬಡಿಯುತ್ತಾ ಬಸ್ಸು ಅಡ್ಡಗಟ್ಟುವವರು. ಕಾಡಿನ ಮಕ್ಕಳು ಆ ಒಂದು ದಿನ ಯಜಮಾನರನ್ನೂ ಪೊಲೀಸರನ್ನೂ ಕೊನೆಗೆ ದೇವರನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ, ನಾವು ನಕ್ಕು ಹತ್ತು ರೂಪಾಯಿ ಕೊಡುತ್ತೇವೆ. ಉಳಿದ 364 ದಿನ ಅವರು ಅದಕ್ಕಿಂತ ಎಷ್ಟೋ ಮೆತ್ತಗೆ ಏನಾದರೂ ಕೇಳಿದರೆ "ಇವರ ಹಿಂದೆ ಯಾರಿದ್ದಾರೆ?" ಎನ್ನುತ್ತೇವೆ.

ಪರಿಸರ ಸೂಕ್ಷ್ಮ ಪ್ರದೇಶದ ಜಗಳವೂ ಇದೇ ಜಾತಿಯದು. ಪಶ್ಚಿಮ ಘಟ್ಟದಲ್ಲಿ ಅಂಥ ಪ್ರದೇಶ ಗುರುತಿಸುವ ಕೇಂದ್ರ ಸರ್ಕಾರದ ಕರಡು ಅಧಿಸೂಚನೆಯಲ್ಲಿ ನಮ್ಮ ಜಿಲ್ಲೆಯ 55 ಹಳ್ಳಿಗಳ ಹೆಸರು ಬಂದಿವೆ. 2014ರಿಂದ 2024ರವರೆಗೆ ಆರು ಸಲ ಕರಡು ಬಂತು, ಆರು ಸಲವೂ 60 ದಿನದಲ್ಲಿ ಆಕ್ಷೇಪಣೆ ಎಂದರು. ಉಪಗ್ರಹದ ಚಿತ್ರ ನೋಡಿ ಗಡಿ ಹಾಕಿದರೆ ಊರವರು ಬೇಡ ಎನ್ನದೆ ಇನ್ನೇನು ಮಾಡುತ್ತಾರೆ? ಪಶ್ಚಿಮ ಘಟ್ಟದ ಅಧ್ಯಯನಕ್ಕೆ ಕೇಂದ್ರ ನೇಮಿಸಿದ್ದ ಗಾಡ್ಗೀಳ್ ಸಮಿತಿ 2011ರಲ್ಲಿ ಗ್ರಾಮಸಭೆಗಳ ಜೊತೆ ಕೂತು ತೀರ್ಮಾನಿಸಿ ಎಂದಿತ್ತು. ಅದನ್ನು ಯಾರೂ ಮಾಡಲಿಲ್ಲ, ಬದಲಿಗೆ ಒಲೆ ಹಚ್ಚಲೂ ಬಿಡುವುದಿಲ್ಲವಂತೆ ಎಂಬ ಗಾಳಿಸುದ್ದಿ ಊರೂರು ಸುತ್ತಿತು. ನಮ್ಮ ಮನೆಗೂ ಬಂದಿತ್ತು, ನಂಬಿದ್ದೆವು.

ಹಾಗಾಗಿ ಕೇಳುವುದು ಇಷ್ಟು. 28ನೇ ಸೆಕ್ಷನ್ನಿನಲ್ಲಿ ಒಂದು ಸಮಿತಿ ಮಾಡಿ. ಅದರಲ್ಲಿ ಹೊಳೆ ಬದಿಯಿಂದ ಇಬ್ಬರು, ಲೈನ್ ಮನೆಗಳಿಂದ ಇಬ್ಬರು, ಹಾಡಿಗಳಿಂದ ಇಬ್ಬರು ಇರಲಿ, ಅರ್ಧಕ್ಕರ್ಧ ಹೆಂಗಸರು. ಅವರನ್ನು ಆರಿಸುವುದು ಆ ಜಾಗದವರೇ ಆಗಲಿ, ನಮ್ಮಂಥ ಬೆಳೆಗಾರರ ಸಂಘಗಳು ಅಲ್ಲ. ಬಂದ ದಿನದ ಕೂಲಿ ಕೊಡಿ. ಅಧಿಕಾರಿಗಳಿಗೆ ಸಭೆಗೆ ಬಂದ ದಿನ ಸಂಬಳ ಕಡಿಯುವುದಿಲ್ಲವಲ್ಲ. ಮಳೆಗಾಲದ ವಾರ್ಡ್ ಸಭೆಗಳನ್ನು ಲೈನಿನ ಅಂಗಳದಲ್ಲೇ ಕರೆಯಿರಿ, ಸಂಜೆ 5ರ ಮೇಲೆ. ಭಾನುವಾರ ಬೇಡ, ಅವತ್ತು ಸಂತೆ, ಯಾರೂ ಸಿಗುವುದಿಲ್ಲ. ಮಳೆ ಅಳೆಯುವ ತೋಟಗಳಿಂದ ಬೆಳಿಗ್ಗೆ 8ರ ಅಂಕಿ 8.30ರೊಳಗೆ ಒಂದೇ ನಂಬರಿಗೆ ಬರುವಂತೆ ಮಾಡಿ. ಅತ್ತ ಕಡೆ ಎತ್ತಿಕೊಳ್ಳುವವರು "ಯಾವ ಇಲಾಖೆ?" ಎಂದು ಕೇಳಬಾರದು. ಒರತೆ, ಬಿರುಕು, ವಾಲಿದ ಮರ ಎಂದು ಯಾರೇ ಹೇಳಿದರೂ ಬರೆದುಕೊಳ್ಳಲು ಒಂದು ಕಾಲಂ ಇರಲಿ. ಬಂದು ನೋಡಿದವರು ಏನು ತೀರ್ಮಾನಿಸಿದರು ಎಂದು ಹೇಳಿದವರಿಗೆ ಅದೇ ದಿನ ತಿಳಿಸಬೇಕು, ಏನೂ ಇಲ್ಲ ಎಂದಾದರೂ ಸರಿ.

ಬರಬೇಕು ಎಂದರೆ ನಾನು ಬರುತ್ತೇನೆ. ಅಣ್ಣ ಪುಸ್ತಕಗಳನ್ನು ಕೊಡಲು ಒಪ್ಪಿದ್ದಾನೆ, ಜೆರಾಕ್ಸ್ ಮಾಡಿಸಿ ವಾಪಸು ಕೊಡಬೇಕು ಎಂಬ ಷರತ್ತಿನ ಮೇಲೆ. ಹಾಳೆಗಳು ಮೆತ್ತಗಾಗಿವೆ, ಯಂತ್ರಕ್ಕೆ ಹಾಕದೆ ಒಂದೊಂದಾಗಿ ಕೈಯಲ್ಲಿ ತಿರುವಿ ತೆಗೆಯಬೇಕಾಗುತ್ತದೆ. ನಮ್ಮ ಮನೆಗೆ ಬರುವವಳನ್ನೂ ಕೇಳಿದೆ, ಡಿಸಿ ಸಾಹೇಬರು ಕರೆದರೆ ಬರುತ್ತೀಯಾ ಎಂದು. ಬರುತ್ತಾಳಂತೆ. ಕೂರಲು ಹೇಳುತ್ತಾರಾ ಎಂದು ಕೇಳಿದಳು.

ಇತಿ,
ಸಿದ್ದಾಪುರ ಕಡೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ್ತಿ